ಹರ್ಡಾಂಗರಿನ ಸೇಬಿನ ತೋಟಗಳು

ಭೂಪಟದ ಮೇಲೆ ಅರವತ್ತನೆಯ ಉತ್ತರ ಅಕ್ಷಾಂಶದ ಗೆರೆಯನ್ನು ಬೆರಳಿನಿಂದ ಅನುಸರಿಸುತ್ತ ಹೋದರೆ ಒಂದು ಕಡೆ ಗ್ರೀನ್‌ಲೆಂಡಿನ ದಕ್ಷಿಣದ ತುದಿ ಸಿಗುತ್ತದೆ. ಅಲ್ಲಿಯ ಕಡಲಿನಲ್ಲಿ ಹಿಮದ ಬಂಡೆಗಳು ತೇಲುತ್ತಿರುತ್ತವೆ. ಅದೇ ಗೆರೆಯ ಮೇಲೆ ಪೂರ್ವಕ್ಕೆ ಸಾಗಿದರೆ ನಾರ್ವೆ ದೇಶದ ಪಶ್ಚಿಮ ತೀರ ಬರುತ್ತದೆ. ಅಲ್ಲಿ ಮೇ ತಿಂಗಳ ಉತ್ತರಾರ್ಧದಲ್ಲಿ ಲಕ್ಷಗಟ್ಟಲೆ ಹಣ್ಣಿನ ಮರಗಳು ಏಕಕಾಲಕ್ಕೆ ಹೂ ಬಿಡುತ್ತವೆ. ಬೆಟ್ಟದ ನೆತ್ತಿಯ ಮೇಲೆ ಇನ್ನೂ ಕರಗದ ಹಿಮ, ಅಡಿಯಲ್ಲಿ ಕಡಲಿನ ಹಸುರು ನೀರು, ಇವೆರಡರ ನಡುವೆ ಬಿಳಿಯ ಮತ್ತು ನಸುಗೆಂಪಿನ ಹೂವಿನ ಸೆರಗು. ಈ ಸೀಮೆಗೆ ಹರ್ಡಾಂಗರ್ ಎಂದು ಹೆಸರು. ನಾರ್ವೆಯಲ್ಲಿ ಬೆಳೆಯುವ ಹಣ್ಣಿನಲ್ಲಿ ಸುಮಾರು ಶೇಕಡಾ 40 ಭಾಗ ಇದೊಂದೇ ಸೀಮೆಯಿಂದ ಬರುತ್ತದೆ.

ಹೂವನ್ನು ನೋಡಲು ಬರುವ ಪ್ರವಾಸಿಗಳು ಹಿಂದೆಯೂ ಇದ್ದರು. ಈಗ ಬರುವವರಲ್ಲಿ ಅನೇಕರಿಗೆ ಇನ್ನೊಂದು ಆಕರ್ಷಣೆಯೂ ಉಂಟು. ಸೇಬಿನ ರಸವನ್ನು ಹುದುಗಿಸಿ ಮಾಡುವ ಸೈಡರ್ ಎಂಬ ಪಾನೀಯವನ್ನು ಅದು ಹುಟ್ಟಿದ ತೋಟದಲ್ಲಿಯೇ ಕುಳಿತು ರುಚಿ ನೋಡುವುದು ಅದು. ಇದು ಕೇವಲ ವಿನೋದದ ವಿಷಯವೆಂದು ತಿಳಿದರೆ ತಪ್ಪಾದೀತು. ಆ ಒಂದು ಸೀಸೆಯ ಮೇಲೆ ಇಳಿಜಾರಿನ ಅನೇಕ ಸಣ್ಣ ತೋಟಗಳ ಬಾಳುವೆ ನಿಂತಿದೆ.

ಕಡಲೇ ಒಲೆಯಾದ ಸೀಮೆ

ಹಿಮಯುಗದಲ್ಲಿ ಬೃಹತ್ ಹಿಮನದಿಗಳು ಪರ್ವತಗಳನ್ನು ಕೊರೆದು ಆಳವಾದ ಕಣಿವೆಗಳನ್ನು ಮಾಡಿದವು. ಹಿಮ ಕರಗಿದ ಮೇಲೆ ಆ ಕಣಿವೆಗಳಿಗೆ ಸಮುದ್ರ ನುಗ್ಗಿತು. ಹೀಗೆ ಒಳನಾಡಿನೊಳಕ್ಕೆ ಚಾಚಿದ ಕಡಲಿನ ತೋಳನ್ನು ಫಿಯೋರ್ಡ್ ಎನ್ನುತ್ತಾರೆ. ಹರ್ಡಾಂಗರ್ ಫಿಯೋರ್ಡಿನ ಉದ್ದ ಸುಮಾರು 179 ಕಿಲೋಮೀಟರು. ನಾರ್ವೆಯಲ್ಲಿ ಇದಕ್ಕಿಂತ ಉದ್ದವಾದುದು ಸೋಗ್ನೆ ಫಿಯೋರ್ಡ್ ಒಂದೇ. ಇದರ ಆಳವಾದರೋ ಕೆಲವೆಡೆ 800 ಮೀಟರಿಗೂ ಹೆಚ್ಚು. ಒಳಕ್ಕೆ ಹೋದಂತೆ ಅದು ಹಲವು ಕವಲುಗಳಾಗಿ ಒಡೆಯುತ್ತದೆ. ತೋಟಗಳೆಲ್ಲ ಹೆಚ್ಚಾಗಿ ಈ ಒಳಕವಲುಗಳ ದಂಡೆಯಲ್ಲಿವೆ.

ಇಷ್ಟು ಉತ್ತರದಲ್ಲಿ ಸೇಬು ಬೆಳೆಯುವುದು ಹೇಗೆ? ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹವು ನಾರ್ವೆಯ ತೀರವನ್ನು ಸವರಿಕೊಂಡು ಹೋಗುತ್ತದೆ. ಆಳವಾದ ಉಪ್ಪುನೀರು ಬೇಸಗೆಯ ಬಿಸಿಯನ್ನು ತನ್ನೊಳಗೆ ಹಿಡಿದಿಟ್ಟು ಚಳಿಗಾಲದಲ್ಲಿ ನಿಧಾನವಾಗಿ ಬಿಟ್ಟುಕೊಡುತ್ತದೆ. ಪಶ್ಚಿಮದ ಎತ್ತರದ ಬೆಟ್ಟಗಳೂ ಫೋಲ್ಗೆಫೊನ್ನ ಎಂಬ ವಿಶಾಲವಾದ ಹಿಮನದಿಯೂ ಕಡಲಿನಿಂದ ಬರುವ ಮಳೆಗಾಳಿಯನ್ನು ಬಹುಮಟ್ಟಿಗೆ ತಡೆಯುತ್ತವೆ. ಬೇಸಗೆಯಲ್ಲಿ ಸೂರ್ಯ ಅಸ್ತವಾಗುವುದು ಬಹಳ ತಡವಾಗಿ. ದಿನವಿಡೀ ಬೆಳಕು, ರಾತ್ರಿ ತಂಪು. ಈ ಹವೆಯಲ್ಲಿ ಹಣ್ಣು ಅವಸರವಿಲ್ಲದೆ ಮಾಗುತ್ತದೆ. ಅದರಲ್ಲಿ ಸಿಹಿಯ ಜೊತೆಗೆ ಚುರುಕಾದ ಹುಳಿಯೂ ಪರಿಮಳವೂ ಉಳಿದುಕೊಳ್ಳುತ್ತವೆ. ಮುಂದೆ ಸೈಡರಿನ ಗುಣಕ್ಕೆ ಕಾರಣವಾಗುವುದು ಈ ಹುಳಿಯೇ.

ಸಂನ್ಯಾಸಿಗಳ ಮೆಟ್ಟಲು

ಈ ಸೀಮೆಗೆ ಹಣ್ಣಿನ ಬೇಸಾಯವನ್ನು ಕಲಿಸಿದವರು ಕ್ರೈಸ್ತ ಸಂನ್ಯಾಸಿಗಳೆಂದು ಪ್ರತೀತಿ. ಬೆರ್ಗೆನ್ ನಗರದ ಸಮೀಪದಲ್ಲಿ ಲೀಸೆ ಎಂಬ ಮಠವು 1146ರಲ್ಲಿ ಸ್ಥಾಪಿತವಾಯಿತು. ಇಂಗ್ಲೆಂಡಿನಿಂದ ಬಂದ ಸಿಸ್ಟರ್ಷಿಯನ್ ಪಂಗಡದ ಸಂನ್ಯಾಸಿಗಳು ಅದರಲ್ಲಿ ನೆಲೆಸಿದರು. ದೇವರ ಧ್ಯಾನದಷ್ಟೇ ಮೈಮುರಿದು ದುಡಿಯುವುದನ್ನೂ ವ್ರತವೆಂದು ಭಾವಿಸಿದವರು ಅವರು. ಹರ್ಡಾಂಗರಿನ ಲೋಫ್ಟ್‌ಹೂಸ್ ಗ್ರಾಮದಲ್ಲಿ ಮಠಕ್ಕೆ ಭೂಮಿ ಇತ್ತು. ಹದಿಮೂರನೆಯ ಶತಮಾನದಲ್ಲಿ ಅಲ್ಲಿ ಅವರು ಹಣ್ಣಿನ ಗಿಡಗಳನ್ನು ನೆಟ್ಟು, ಕಸಿ ಕಟ್ಟುವ ವಿದ್ಯೆಯನ್ನು ಸುತ್ತಲಿನ ರೈತರಿಗೆ ತೋರಿಸಿದರೆಂದು ಹೇಳುತ್ತಾರೆ.

ಅವರು ಬಿಟ್ಟುಹೋದ ಗುರುತೊಂದು ಇಂದಿಗೂ ಕಾಣಸಿಗುತ್ತದೆ. ಗ್ರಾಮದ ಮೇಲಿನ ಕಡಿದಾದ ಬೆಟ್ಟವನ್ನು ಏರಲು ಕಲ್ಲುಚಪ್ಪಡಿಗಳನ್ನು ಜೋಡಿಸಿ ಮಾಡಿದ 616 ಮೆಟ್ಟಲುಗಳಿವೆ. ಅವುಗಳಿಗೆ ಸಂನ್ಯಾಸಿಗಳ ಮೆಟ್ಟಲೆಂದೇ ಹೆಸರು. ಏರಿ ಹಿಂತಿರುಗಿ ನೋಡಿದರೆ ಕೆಳಗೆ ಸೇಬಿನ ಸಾಲುಗಳು ಬಾಚಿದ ಕೂದಲಿನಂತೆ ಓರಣವಾಗಿ ಕಾಣುತ್ತವೆ.

ತುಂಡು ನೆಲದ ಬಾಳುವೆ

ನಾರ್ವೆಯ ಒಟ್ಟು ನೆಲದಲ್ಲಿ ಬೇಸಾಯಕ್ಕೆ ಯೋಗ್ಯವಾದುದು ಶೇಕಡಾ 3ರ ಆಸುಪಾಸಿನಲ್ಲಿದೆ. ಹರ್ಡಾಂಗರಿನಲ್ಲಿ ಅದು ನೀರಿಗೂ ಬಂಡೆಗೂ ನಡುವೆ ಸಿಕ್ಕಿಕೊಂಡ ಕಿರಿದಾದ ಪಟ್ಟಿ. ಒಂದೊಂದು ಕುಟುಂಬದ ಭೂಮಿಯೂ ಕಡಲಿನ ಅಂಚಿನಿಂದ ಆರಂಭವಾಗಿ ಬೆಟ್ಟದ ಬುಡದವರೆಗೆ ಏರುತ್ತದೆ. ಕೆಲವು ಕಡೆ ಇಳಿಜಾರು ಎಷ್ಟು ಕಡಿದೆಂದರೆ ಯಂತ್ರಗಳಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಹಣ್ಣನ್ನು ಕೈಯಿಂದಲೇ ಕೀಳಬೇಕು.

ಇಂಥ ಭೂಮಿಯನ್ನು ಬಿಟ್ಟುಹೋಗದಂತೆ ಕುಟುಂಬವನ್ನು ಕಟ್ಟಿಹಾಕುವ ಹಳೆಯ ಪದ್ಧತಿಯೊಂದು ಆ ದೇಶದಲ್ಲಿದೆ. ಅದಕ್ಕೆ ಓಡೆಲ್ ಹಕ್ಕು ಎಂದು ಹೆಸರು. ಪಿತ್ರಾರ್ಜಿತ ಭೂಮಿಯನ್ನು ವಹಿಸಿಕೊಳ್ಳುವುದರಲ್ಲಿ ಮನೆಯ ಹಿರಿಯ ಸಂತಾನಕ್ಕೆ ಮೊದಲ ಹಕ್ಕು. ತೋಟ ಹೊರಗಿನವರ ಪಾಲಾದರೆ ಬೆಲೆ ಕೊಟ್ಟು ಮರಳಿ ಪಡೆಯುವ ಅವಕಾಶವೂ ಉಂಟು. 1814ರ ನಾರ್ವೆಯ ಸಂವಿಧಾನ ಈ ಹಕ್ಕನ್ನು ಕಾಪಾಡಿತು. ಹಿಂದೆ ಗಂಡುಮಕ್ಕಳಿಗೆ ಪ್ರಾಶಸ್ತ್ಯವಿತ್ತು. 1974ರ ಕಾನೂನು ಹೆಣ್ಣುಮಕ್ಕಳಿಗೂ ಸಮಾನ ಹಕ್ಕನ್ನು ಕೊಟ್ಟಿತು.

ಆದರೆ ಹಕ್ಕು ಇದ್ದರೆ ಸಾಲದು, ಭೂಮಿ ಹೊಟ್ಟೆ ತುಂಬಿಸಬೇಕು. ಬೆರ್ಗೆನ್, ಓಸ್ಲೋ ನಗರಗಳಲ್ಲಿ ಒಳ್ಳೆಯ ಸಂಬಳದ ಕೆಲಸಗಳಿವೆ. ಬೆಚ್ಚಗಿನ ದೇಶಗಳ ವಿಶಾಲ ತೋಟಗಳಿಂದ ಅಗ್ಗದ ಸೇಬು ಹಡಗುಗಳಲ್ಲಿ ಬಂದು ಇಳಿಯುತ್ತದೆ. ಸಣ್ಣ ತೋಟದ ಯಜಮಾನನಿಗೆ ನಯವಾದ, ಬಣ್ಣ ತುಂಬಿದ ಹಣ್ಣಿಗಷ್ಟೇ ಅಂಗಡಿಯಲ್ಲಿ ಬೆಲೆ. ಆಲಿಕಲ್ಲಿನ ಏಟು ಬಿದ್ದ, ಗಾತ್ರದಲ್ಲಿ ಚಿಕ್ಕದಾದ, ಮೈಮೇಲೆ ಕಲೆಯಿರುವ ಹಣ್ಣು ರಸದ ಕಾರ್ಖಾನೆಗೆ ಅಗ್ಗದ ದರದಲ್ಲಿ ಹೋಗಬೇಕು. ಹೂ ಬಿಡುವ ಕಾಲದಲ್ಲಿ ಒಂದು ರಾತ್ರಿ ಹಿಮಪಾತದಂಥ ಚಳಿ ಬಿದ್ದರೆ ವರ್ಷದ ಫಸಲೇ ಹೋದಂತೆ. ಹಿರಿಯರು ದಣಿದು ಕೈಚೆಲ್ಲಿದಾಗ ಮಕ್ಕಳು ಹಿಂದಿರುಗುವರೋ ಇಲ್ಲವೋ ಎಂಬುದು ಪ್ರತಿ ಮನೆಯ ಪ್ರಶ್ನೆ. ಆ ಪ್ರಶ್ನೆಗೆ ಕೆಲವು ಮನೆಗಳಲ್ಲಿ ಸಿಕ್ಕ ಉತ್ತರ ಸೈಡರ್. ಕಲೆಯಿರುವ ಸೇಬಿನ ರಸಕ್ಕೆ ಕಲೆಯಿಲ್ಲ. ತೂಕದ ಲೆಕ್ಕದಲ್ಲಿ ಕಾಸು ತಂದ ಹಣ್ಣು ಸೀಸೆಯ ಲೆಕ್ಕದಲ್ಲಿ ಹಲವು ಪಟ್ಟು ತರುತ್ತದೆ.

ಉಲ್ವಿಕ್ಕಿನ ಹಾದಿ

ಈ ತೋಟಗಳನ್ನು ನೋಡಬಯಸುವವರು ಸಾಮಾನ್ಯವಾಗಿ ಬೆರ್ಗೆನ್ನಿನಿಂದ ಹೊರಡುತ್ತಾರೆ. ಅಲ್ಲಿಂದ ರೈಲಿನಲ್ಲಿ ವೊಸ್ ಎಂಬ ಪಟ್ಟಣಕ್ಕೆ ಬಂದು, ಬಸ್ಸಿನಲ್ಲಿ ಉಲ್ವಿಕ್ ಗ್ರಾಮಕ್ಕೆ ಇಳಿಯಬಹುದು. ಫಿಯೋರ್ಡಿನ ಒಳಕವಲೊಂದರ ತುದಿಯಲ್ಲಿ, ಅರ್ಧಚಂದ್ರಾಕಾರದ ದಂಡೆಯ ಮೇಲೆ ಉಲ್ವಿಕ್ ನೆಲೆಸಿದೆ. ಗ್ರಾಮದಿಂದ ಬೆಟ್ಟದ ಮೈಗೆ ಏರುವ ‘ಹಣ್ಣಿನ ಮತ್ತು ಸೈಡರಿನ ಹಾದಿ’ ಎಂಬ ಗುರುತು ಹಾಕಿದ ದಾರಿಯಿದೆ. ಅದು ಮೂರು ತೋಟಗಳನ್ನು ಒಂದಕ್ಕೊಂದು ಜೋಡಿಸುತ್ತದೆ. ಗಟ್ಟಿ ಕಾಲಿನವರು ಒಂದೇ ದಿನದಲ್ಲಿ ನಡೆದು ಮೂರನ್ನೂ ನೋಡಿ ಬರಬಹುದು. ಒಂದು ಕಡೆ ಸೈಡರು, ಇನ್ನೊಂದು ಕಡೆ ಹಣ್ಣಿನ ಮುರಬ್ಬ ಮತ್ತು ಮನೆಯ ತಿಂಡಿ, ಎಲ್ಲ ಕಡೆಯೂ ತಾಜಾ ಸೇಬಿನ ರಸ. ಮಕ್ಕಳೊಂದಿಗೆ ಬಂದ ಕುಟುಂಬಗಳಿಗೂ ಮದ್ಯವನ್ನು ಮುಟ್ಟದವರಿಗೂ ಇಲ್ಲಿ ಸಂಕೋಚವಿಲ್ಲ. ಹುದುಗಿಸದ ರಸವನ್ನು ಅವರು ಸೈಡರಿನಷ್ಟೇ ಅಭಿಮಾನದಿಂದ ಮುಂದಿಡುತ್ತಾರೆ. ಗ್ರಾವೆನ್‌ಸ್ಟೈನ್, ಅರೋಮ, ಡಿಸ್ಕವರಿ, ಸಮ್ಮರ್‌ರೆಡ್ ಎಂಬ ಜಾತಿಗಳ ರಸವನ್ನು ಬೇರೆಬೇರೆಯಾಗಿ ರುಚಿ ನೋಡಿದರೆ ಸೇಬು ಎಂಬ ಒಂದೇ ಹೆಸರಿನಲ್ಲಿ ಎಷ್ಟು ಹಣ್ಣುಗಳಿವೆ ಎಂಬುದು ತಿಳಿಯುತ್ತದೆ.

ಉಲ್ವಿಕ್ ಇನ್ನೊಂದು ಕಾರಣದಿಂದಲೂ ಪ್ರಸಿದ್ಧವಾಗಿದೆ. ನಾರ್ವೆಯ ಹೆಸರಾಂತ ಕವಿ ಒಲಾವ್ ಹೌಗೆ 1908ರಲ್ಲಿ ಇಲ್ಲಿ ಹುಟ್ಟಿ, 1994ರಲ್ಲಿ ತೀರಿಕೊಳ್ಳುವವರೆಗೆ ಇಲ್ಲಿಯೇ ಬಾಳಿದರು. ತೋಟಗಾರಿಕೆಯನ್ನು ಕ್ರಮವಾಗಿ ಕಲಿತು, ಸಣ್ಣದೊಂದು ಸೇಬಿನ ತೋಟದ ಆದಾಯದಿಂದ ಜೀವನ ನಡೆಸಿದವರು ಅವರು. ಹಗಲು ಕೊಂಬೆ ಸವರುತ್ತ, ಬಿಡುವಿನಲ್ಲಿ ಹಲವು ಭಾಷೆಗಳ ಕಾವ್ಯವನ್ನು ಓದಿ ಅನುವಾದಿಸುತ್ತ, ಸರಳವಾದ ಮಾತಿನಲ್ಲಿ ಕವಿತೆ ಬರೆದರು. ಅವರ ನೆನಪಿಗಾಗಿ ಗ್ರಾಮದಲ್ಲಿ ಒಂದು ಸಾಹಿತ್ಯ ಕೇಂದ್ರವಿದೆ.

ರಸ ಸೈಡರ್ ಆಗುವ ಬಗೆ

ಆಗಸ್ಟ್ ಕೊನೆಯಿಂದ ಅಕ್ಟೋಬರಿನವರೆಗೆ ಸೇಬಿನ ಕೊಯ್ಲು. ತೊಳೆದ ಹಣ್ಣನ್ನು ಯಂತ್ರದಲ್ಲಿ ತುರಿದು, ಆ ತುರಿಯನ್ನು ಬಟ್ಟೆಯ ಪದರಗಳ ನಡುವೆ ಹರಡಿ ಹಿಂಡುತ್ತಾರೆ. ಹೊಸ ಮಾದರಿಯ ಒತ್ತುಯಂತ್ರಗಳೂ ಬಂದಿವೆ. ನೂರು ಕಿಲೋ ಹಣ್ಣಿನಿಂದ ಸಾಮಾನ್ಯವಾಗಿ 60ರಿಂದ 70 ಲೀಟರ್ ರಸ ಸಿಗುತ್ತದೆ. ಉಳಿದ ಹಿಂಡಿಯೂ ವ್ಯರ್ಥವಾಗಬೇಕಾಗಿಲ್ಲ, ಅದು ದನಕುರಿಗಳಿಗೆ ಒಳ್ಳೆಯ ಮೇವು.

ರಸಕ್ಕೆ ಯೀಸ್ಟನ್ನು ಸೇರಿಸಿ ತಂಪಾದ ಕೋಣೆಯಲ್ಲಿ ಉಕ್ಕಿನ ತೊಟ್ಟಿಯಲ್ಲೋ ಮರದ ಪೀಪಾಯಿಯಲ್ಲೋ ಇಡುತ್ತಾರೆ. ಕಣ್ಣಿಗೆ ಕಾಣದ ಆ ಜೀವಿಗಳು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲಾಮ್ಲವನ್ನೂ ಹೊರಬಿಡುತ್ತವೆ. ಇಡ್ಲಿಯ ಹಿಟ್ಟು ರಾತ್ರಿ ಕಳೆದು ಉಬ್ಬಿ ನಿಲ್ಲುವುದನ್ನು ಕಂಡ ಗೃಹಿಣಿಗೆ ಹುದುಗುವುದೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇಲ್ಲಿ ಒಂದು ರಾತ್ರಿಯ ಮಾತಲ್ಲ. ಚಳಿ ಹೆಚ್ಚಿದಷ್ಟೂ ಕೆಲಸ ನಿಧಾನ, ನಿಧಾನವಾದಷ್ಟೂ ಹಣ್ಣಿನ ಪರಿಮಳ ಹೆಚ್ಚು ಉಳಿಯುತ್ತದೆ. ಹೀಗೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ.

ಕೆಲವು ತೋಟಗಳಲ್ಲಿ ಫ್ರಾನ್ಸಿನ ಷಾಂಪೇನ್ ತಯಾರಿಸುವ ವಿಧಾನವನ್ನು ಅನುಸರಿಸುತ್ತಾರೆ. ಸೀಸೆಗೆ ತುಂಬುವಾಗ ಸ್ವಲ್ಪ ಸಕ್ಕರೆಯನ್ನೂ ಯೀಸ್ಟನ್ನೂ ಹಾಕಿ ಮುಚ್ಚಿಬಿಟ್ಟರೆ ಒಳಗೆ ಎರಡನೆಯ ಸಲ ಹುದುಗು ಏಳುತ್ತದೆ. ಹೊರಹೋಗಲು ದಾರಿಯಿಲ್ಲದ ಅನಿಲ ಪಾನೀಯದಲ್ಲಿಯೇ ಕರಗಿ ನಿಲ್ಲುತ್ತದೆ. ಆ ಬಳಿಕ ಸೀಸೆಗಳನ್ನು ತಲೆಕೆಳಗಾಗಿ ಓರೆಯಾಗಿಟ್ಟು ಆಗಾಗ ತಿರುಗಿಸುತ್ತ ಗಸಿಯನ್ನು ಕತ್ತಿಗೆ ಇಳಿಸುತ್ತಾರೆ. ಕತ್ತನ್ನು ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದಾಗ ಗಸಿಯ ಗಟ್ಟಿ ಹೊರಕ್ಕೆ ಚಿಮ್ಮುತ್ತದೆ, ತಿಳಿಯಾದ ಸೈಡರ್ ಉಳಿಯುತ್ತದೆ.

ರುಚಿ ನೋಡುವ ಕ್ರಮ

ಫ್ರಾನ್ಸಿನ ನಾರ್ಮಂಡಿ, ಇಂಗ್ಲೆಂಡಿನ ಸಾಮರ್ಸೆಟ್ ಮೊದಲಾದ ಸೀಮೆಗಳಲ್ಲಿ ಸೈಡರಿಗೆಂದೇ ಒಗರು ಮತ್ತು ಕಹಿಯ ಸೇಬುಗಳನ್ನು ಬೆಳೆಯುತ್ತಾರೆ. ಅವನ್ನು ಹಾಗೆಯೇ ತಿನ್ನಲಾಗದು. ಹರ್ಡಾಂಗರಿನವರು ಬಳಸುವುದು ಹೆಚ್ಚಾಗಿ ಊಟದ ಮೇಜಿನ ಸೇಬುಗಳನ್ನೇ. ಆದುದರಿಂದ ಇವರ ಸೈಡರಿನಲ್ಲಿ ಒಗರು ಕಡಮೆ, ಹುಳಿ ಮುಂದು, ಹಣ್ಣಿನ ವಾಸನೆ ಸ್ಪಷ್ಟ. ಬಣ್ಣ ಎಳೆಯ ಹುಲ್ಲಿನಂತೆ ತಿಳಿ ಹಳದಿ.

ರುಚಿ ನೋಡಲು ಬಂದವರನ್ನು ಹಳೆಯ ಕಣಜದಲ್ಲೋ ನೆಲಮಾಳಿಗೆಯಲ್ಲೋ ಹಾಕಿದ ಉದ್ದನೆಯ ಮೇಜಿನ ಸುತ್ತ ಕೂರಿಸುತ್ತಾರೆ. ಬಡಿಸುವುದು ದೊಡ್ಡ ಲೋಟದಲ್ಲಲ್ಲ, ದ್ರಾಕ್ಷಾರಸದ ತೆಳ್ಳನೆಯ ಗಾಜಿನ ಬಟ್ಟಲಿನಲ್ಲಿ, ಅದೂ ಎರಡು ಮೂರು ಗುಟುಕು ಮಾತ್ರ. ಮೊದಲು ಸಿಹಿಯಿಲ್ಲದ್ದು, ಬಳಿಕ ಅರೆಸಿಹಿ, ಕೊನೆಯಲ್ಲಿ ಹೆಪ್ಪುಗಟ್ಟಿಸಿದ ರಸದಿಂದ ಮಾಡಿದ ಗಾಢವಾದ ಸಿಹಿ ಸೈಡರ್. ನಡುನಡುವೆ ಗಿಣ್ಣಿನ ಚೂರು, ತೆಳುರೊಟ್ಟಿ. ಯಾವ ಮರದ ಹಣ್ಣು, ಯಾವ ವರ್ಷದ ಮಳೆ, ಯಾವ ಇಳಿಜಾರಿನ ಬಿಸಿಲು ಎಂಬುದನ್ನು ತೋಟದವರು ತಾಳ್ಮೆಯಿಂದ ವಿವರಿಸುತ್ತಾರೆ. ಕುಡಿಯುವುದಕ್ಕಿಂತ ಕೇಳುವುದೇ ಅಲ್ಲಿ ಹೆಚ್ಚೆಂದರೆ ಅತಿಶಯೋಕ್ತಿಯಲ್ಲ.

‘ಹರ್ಡಾಂಗರಿನ ಸೈಡರ್’ ಎಂಬ ಹೆಸರಿಗೆ 2009ರಿಂದ ಕಾನೂನಿನ ರಕ್ಷಣೆಯುಂಟು. ಆ ಹೆಸರನ್ನು ಹಚ್ಚಬೇಕಾದರೆ ಸೇಬೆಲ್ಲವೂ ಹರ್ಡಾಂಗರಿನದೇ ಆಗಿರಬೇಕು. ಮೈಸೂರು ಮಲ್ಲಿಗೆಗೂ ಕೊಡಗಿನ ಕಿತ್ತಳೆಗೂ ನಮ್ಮಲ್ಲಿ ದೊರೆತಿರುವ ಭೌಗೋಳಿಕ ಗುರುತಿನಂಥದೇ ಈ ಏರ್ಪಾಡು.

ಕಾನೂನಿನ ಬಾಗಿಲು

ಇಷ್ಟೆಲ್ಲ ಇದ್ದರೂ ಈ ಪಾನೀಯ ತೋಟದ ಬಾಗಿಲಲ್ಲಿ ಬಹಿರಂಗವಾಗಿ ಮಾರಾಟವಾಗುವುದು ಹೊಸ ಸಂಗತಿ. ಮದ್ಯದ ವಿಷಯದಲ್ಲಿ ನಾರ್ವೆಯದು ಬಹಳ ಎಚ್ಚರಿಕೆಯ ಧೋರಣೆ. ಹತ್ತೊಂಬತ್ತನೆಯ ಶತಮಾನದಿಂದಲೂ ಅಲ್ಲಿ, ವಿಶೇಷವಾಗಿ ಪಶ್ಚಿಮ ಭಾಗದಲ್ಲಿ, ಪಾನವಿರೋಧಿ ಚಳವಳಿ ಪ್ರಬಲವಾಗಿತ್ತು. 1919ರ ಜನಮತಗಣನೆಯಲ್ಲಿ ಬಹುಸಂಖ್ಯಾತರು ಬಟ್ಟಿಯಿಳಿಸಿದ ಮದ್ಯದ ನಿಷೇಧಕ್ಕೆ ಒಪ್ಪಿಗೆ ಕೊಟ್ಟರು. 1926ರ ಎರಡನೆಯ ಜನಮತಗಣನೆ ಆ ನಿಷೇಧವನ್ನು ಕೊನೆಗಾಣಿಸಿತು. ಈ ನಡುವೆ 1922ರಲ್ಲಿ ವೀನ್‌ಮೊನೊಪೋಲೆ ಎಂಬ ಸರ್ಕಾರಿ ಸಂಸ್ಥೆ ಸ್ಥಾಪಿತವಾಯಿತು. ಮದ್ಯಸಾರ ಶೇಕಡಾ 4.7ಕ್ಕಿಂತ ಹೆಚ್ಚಿರುವ ಪಾನೀಯಗಳನ್ನು ಇಂದಿಗೂ ಸಾಮಾನ್ಯ ಅಂಗಡಿಗಳು ಮಾರುವಂತಿಲ್ಲ, ಈ ಸಂಸ್ಥೆಯ ಮಳಿಗೆಗಳಲ್ಲಿಯೇ ಕೊಳ್ಳಬೇಕು. 1975ರಿಂದ ಮದ್ಯದ ಜಾಹೀರಾತಿಗೂ ನಿಷೇಧವಿದೆ.

ಹರ್ಡಾಂಗರಿನ ಸೈಡರಿನಲ್ಲಿ ಮದ್ಯಸಾರ ಹೆಚ್ಚಾಗಿ ಈ ಮಿತಿಯನ್ನು ಮೀರುತ್ತದೆ. ಮನೆಯ ಬಳಕೆಗೆ ಮಾಡಿಕೊಳ್ಳಲು ಅಡ್ಡಿಯಿರಲಿಲ್ಲ. ಹೀಗಾಗಿ ಇಪ್ಪತ್ತನೆಯ ಶತಮಾನದ ಬಹುಭಾಗ ಅದು ನೆಲಮಾಳಿಗೆಯ ಪೀಪಾಯಿಯಲ್ಲಿಯೇ ಉಳಿಯಿತು. ನೆಂಟರು ಬಂದಾಗ, ಮದುವೆ ಹಬ್ಬಗಳಲ್ಲಿ ಹೊರಬರುತ್ತಿತ್ತು. ಕ್ರಮೇಣ ಕೆಲವರು ಪರವಾನಗಿ ಪಡೆದು ವ್ಯಾಪಾರಕ್ಕೆಂದು ತಯಾರಿಸತೊಡಗಿದರು. ಆಗಲೂ ಒಂದು ವಿಚಿತ್ರ ಪರಿಸ್ಥಿತಿಯಿತ್ತು. ಪ್ರವಾಸಿ ತೋಟಕ್ಕೆ ಬಂದು, ಪರವಾನಗಿಯಿದ್ದ ಕಡೆ ಅಲ್ಲಿಯೇ ಕುಳಿತು ರುಚಿ ನೋಡಬಹುದು, ಮೆಚ್ಚಬಹುದು. ಆದರೆ ಒಂದು ಸೀಸೆಯನ್ನು ಕೊಂಡು ಕೈಯಲ್ಲಿ ಹಿಡಿದು ಹೊರಡುವಂತಿಲ್ಲ. ಅದಕ್ಕಾಗಿ ಪಟ್ಟಣದ ಸರ್ಕಾರಿ ಮಳಿಗೆಯನ್ನು ಹುಡುಕಬೇಕು.

2016ರಲ್ಲಿ ಕಾನೂನು ಬದಲಾಯಿತು. ಹೊರಗಿನಿಂದ ಮದ್ಯಸಾರವನ್ನು ಬೆರೆಸದೆ ತಾವೇ ತಯಾರಿಸಿದ ಸೈಡರನ್ನು ಸಣ್ಣ ಉತ್ಪಾದಕರು ಸ್ಥಳೀಯ ಆಡಳಿತದ ಅನುಮತಿಯೊಂದಿಗೆ ತಮ್ಮ ತೋಟದಲ್ಲಿಯೇ ಮಾರಬಹುದೆಂದಾಯಿತು. ಇದರಿಂದ ಎರಡು ಲಾಭಗಳಾದವು. ಸೀಸೆಯ ಬೆಲೆಯ ಹೆಚ್ಚಿನ ಭಾಗ ತೋಟದಲ್ಲಿಯೇ ನಿಂತಿತು. ಕೊಳ್ಳಲೆಂದು ಬಂದವರು ಅಲ್ಲಿಯೇ ಉಂಡು, ತಂಗಿ, ದೋಣಿ ಹತ್ತಿ, ಇಡೀ ಗ್ರಾಮಕ್ಕೆ ಕೆಲಸ ಕೊಟ್ಟರು. ಆ ಬಳಿಕದ ವರ್ಷಗಳಲ್ಲಿ ಸೈಡರಿನ ಮನೆಗಳು ಒಂದರ ಹಿಂದೆ ಒಂದರಂತೆ ಎದ್ದವು. ಪಾನವಿರೋಧಿಗಳ ಆತಂಕ ಹುರುಳಿಲ್ಲದ್ದಲ್ಲ. ಕುಡಿತ ಮನೆಗಳನ್ನು ಹೇಗೆ ಹಾಳುಮಾಡುತ್ತದೆಂಬುದು ಯಾವ ದೇಶಕ್ಕೂ ಹೊಸದಲ್ಲ. ಆದರೆ ಸರ್ಕಾರ ಇಲ್ಲಿ ತೆರೆದದ್ದು ಕಿರಿದಾದ ಬಾಗಿಲು. ಜಾಹೀರಾತಿನ ನಿಷೇಧ ಹಾಗೆಯೇ ಉಳಿಯಿತು, ಹದಿನೆಂಟು ತುಂಬದವರಿಗೆ ಮಾರುವಂತಿಲ್ಲ, ವಾಹನ ನಡೆಸುವವರ ಮೇಲಿನ ಬಿಗಿಯೂ ಸಡಿಲವಾಗಲಿಲ್ಲ. ತೋಟವೂ ಉಳಿಯಲಿ, ಮನೆಯೂ ಉಳಿಯಲಿ ಎಂಬ ಎರಡು ಹಿತಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವ ಪ್ರಯತ್ನ ಅದು.

ಸೇತುವೆಯಾಚೆ

ಉಲ್ವಿಕ್ಕಿನಿಂದ ಲೋಫ್ಟ್‌ಹೂಸಿಗೆ ಹೋಗುವ ದಾರಿ ಬೆಟ್ಟದ ಹೊಟ್ಟೆಯೊಳಗೆ ಸಾಗುತ್ತದೆ. ಸುರಂಗದ ನಡುವೆಯೇ ನೀಲಿ ಬೆಳಕಿನ ವೃತ್ತವೊಂದಿದ್ದು, ಅಲ್ಲಿ ತಿರುಗಿದ ವಾಹನ ಹಠಾತ್ತನೆ ಹರ್ಡಾಂಗರ್ ಸೇತುವೆಯ ಮೇಲೆ ಬಯಲಿಗೆ ಬರುತ್ತದೆ. 2013ರಲ್ಲಿ ತೆರೆದ ಈ ತೂಗುಸೇತುವೆಯ ಎರಡು ಗೋಪುರಗಳ ನಡುವಣ ಅಂತರ 1,310 ಮೀಟರು. ಆಚೆ ದಡದಲ್ಲಿ ಸೋರ್‌ಫಿಯೋರ್ಡ್ ಎಂಬ ಕವಲು. ಅದರ ಎರಡು ದಂಡೆಗಳಲ್ಲಿಯೂ ತೋಟಗಳು ಒತ್ತಾಗಿವೆ. ಲೋಫ್ಟ್‌ಹೂಸಿನಲ್ಲಿ ಸಂಗೀತಗಾರ ಎಡ್ವರ್ಡ್ ಗ್ರೀಗ್ 1877-78ರಲ್ಲಿ ಕುಳಿತು ಸ್ವರ ಸಂಯೋಜಿಸಿದ ಪುಟ್ಟ ಗುಡಿಸಲನ್ನು ಒಂದು ಹೋಟೆಲಿನ ಅಂಗಳದಲ್ಲಿ ಜೋಪಾನವಾಗಿ ಇಟ್ಟಿದ್ದಾರೆ.

ಕಿನ್ಸರ್ವಿಕ್ ಎಂಬಲ್ಲಿಂದ ದೋಣಿಯಲ್ಲಿ ಊಟ್ನೆಗೆ ದಾಟಿ ದಕ್ಷಿಣಕ್ಕೆ ಹೋದರೆ ಆಗಾ ಎಂಬ ಊರು. ಅಲ್ಲಿ ಹಳೆಯ ಕಾಲದ ಒಕ್ಕಲು ಮನೆಗಳ ಗುಂಪೊಂದು ಇದ್ದಂತೆಯೇ ಉಳಿದಿದೆ. ಸುಮಾರು ಮೂವತ್ತು ಮರದ ಕಟ್ಟಡಗಳು ಒಂದರ ಮೈಗೆ ಒಂದು ತಾಗಿ ನಿಂತಿವೆ. ಅವುಗಳಲ್ಲಿ ನ್ಯಾಯಾಧಿಪತಿಯೊಬ್ಬನ ಮನೆ ಹದಿಮೂರನೆಯ ಶತಮಾನದ್ದು. ಆ ಊರಿನಲ್ಲಿಯೇ ಇಂದಿನ ಸೈಡರಿನ ಮನೆಯೂ ಇದೆ.

ನಾರ್ವೆಯಲ್ಲಿ ಒಂದು ಬಟ್ಟಲು ಕುಡಿದವರೂ ವಾಹನ ನಡೆಸದಿರುವುದೇ ಕ್ಷೇಮ. ಆದುದರಿಂದ ತೋಟಗಳನ್ನು ನೋಡಬಯಸುವವರು ಬಸ್ಸು, ದೋಣಿ ಮತ್ತು ಕಾಲುಗಳನ್ನು ನಂಬುವುದು ಮೇಲು. ಮುಂಚಿತವಾಗಿ ತಿಳಿಸಿ ಹೋದರೆ ತೋಟದವರಿಗೂ ಅನುಕೂಲ. ಹೂವಿಗಾಗಿ ಮೇ ತಿಂಗಳ ಉತ್ತರಾರ್ಧ, ಹಣ್ಣಿಗಾಗಿ ಸೆಪ್ಟೆಂಬರ್ ಒಳ್ಳೆಯ ಕಾಲ.

ಸೆಪ್ಟೆಂಬರಿನಲ್ಲಿ ಹೋದವರಿಗೆ ಹೊಸ ಗಿಡಗಳ ಸಾಲುಗಳೂ ಕಾಣಸಿಗುತ್ತವೆ. ಊರುಗೋಲಿಗೆ ಕಟ್ಟಿದ ಬೆರಳು ದಪ್ಪದ ಸಸಿಗಳು. ಅವು ಚೆನ್ನಾಗಿ ಫಲ ಕೊಡಲು ಕೆಲವು ವರ್ಷಗಳು ಬೇಕು, ಅನಂತರ ಹಲವು ವರ್ಷ ಕೊಡುತ್ತವೆ. ಊರನ್ನು ಬಿಟ್ಟುಹೋಗುವವರು ಸಸಿ ನೆಡುವುದಿಲ್ಲ.